ಕೀ ಕೊನೆಯಲ್ಲಿ ಹೆಸರಿದ್ದರೆ ಸಾಕಾ?

ಪ್ರಶ್ನೆ: ಸರ್, ಮೈಸೂರಿನ ಹೆಬ್ಬಾಳದಲ್ಲಿ ನಮ್ಮದೊಂದು ಸಣ್ಣ ಆಫೀಸು. ಸರ್ವರ್ ನೋಡಿಕೊಳ್ಳುವುದು ನಾನೇ. ಹೊಸದಾಗಿ ಸೇರಿದ ಹುಡುಗ ಮಂಡ್ಯದ ಮನೆಯಿಂದಲೇ ಕೆಲಸ ಮಾಡುತ್ತಾನೆ. ಅವನ ಎಸ್‌ಎಸ್‌ಎಚ್ ಪಬ್ಲಿಕ್ ಕೀ, ಅಂದರೆ ದೂರದಿಂದ ಲಾಗಿನ್ ಆಗಲು ಸರ್ವರ್‌ನಲ್ಲಿ ಹಾಕಿಡಬೇಕಾದ ಒಂದು ಉದ್ದ ಸಾಲು, ಮೇಲ್‌ನಲ್ಲಿ ಬಂದಿದೆ, ಕೊನೆಯಲ್ಲಿ ಅವನ ಹೆಸರೂ ಇದೆ. ಹೇಗೂ ಪಬ್ಲಿಕ್ ಕೀ, ಗುಟ್ಟೇನಿಲ್ಲ. ಸರ್ವರ್‌ಗೆ ಹಾಕಿಬಿಡಬಹುದಲ್ವಾ?
ಓದುಗರೊಬ್ಬರು, ಮೈಸೂರು

ಉತ್ತರ: ಸ್ವಲ್ಪ ತಡೆಯಿರಿ. ಗುಟ್ಟೇನಿಲ್ಲ, ಸರಿ. ಆದರೆ ಅದು ಅವನದೇ ಅಂತ ನಿಮಗೆ ಹೇಳಿದ್ದು ಯಾರು? ಕೊನೆಯಲ್ಲಿರುವ ಹೆಸರು ಬರೀ ಕಾಮೆಂಟ್. ಅಲ್ಲಿ ನಿಮ್ಮ ಹೆಸರು, ನನ್ನ ಹೆಸರು, ಏನು ಬೇಕಾದರೂ ಬರೆಯಬಹುದು, ಲಾಗಿನ್ ಆಗುವಾಗ ಸರ್ವರ್ ಅದನ್ನು ಮೂಸಿಯೂ ನೋಡುವುದಿಲ್ಲ. ಹುಡುಗನ ಮೇಲ್ ಬೇರೆ ಯಾರದೋ ಕೈಗೆ ಸಿಕ್ಕಿ, ಅವರು ತಮ್ಮ ಕೀಗೆ ಅವನ ಹೆಸರು ಅಂಟಿಸಿ ಕಳಿಸಿದ್ದರೆ ನೀವೇ ಬಾಗಿಲು ತೆಗೆದು ಬನ್ನಿ ಅಂದ ಹಾಗೆ.

ಕೀಯನ್ನು ಒಂದು ಫೈಲ್‌ನಲ್ಲಿ ಉಳಿಸಿ, ಎಸ್‌ಎಸ್‌ಎಚ್-ಕೀಜೆನ್ ಕಮಾಂಡಿಗೆ ಎಲ್, ಎಫ್ ಎರಡೂ ಕೊಟ್ಟು (ssh-keygen -lf) ಅದರ ಮೇಲೆ ಓಡಿಸಿ. ಒಂದು ಸಾಲು ಬರುತ್ತದೆ. ಮೊದಲು ಬಿಟ್ ಎಷ್ಟು ಅಂತ, ಆಮೇಲೆ ಎಸ್‌ಎಚ್‌ಎ256 ಅಂತ ಶುರುವಾಗಿ ಆ ಕೀಯ ಗುರುತಾದ 43 ಅಕ್ಷರದ ಫಿಂಗರ್‌ಪ್ರಿಂಟ್, ಕೊನೆಗೆ ಕೀ ಯಾವ ಜಾತಿಯದು ಅಂತ. ಇಡಿ25519 ಆದರೆ ಒಳ್ಳೆಯದು. ಆರ್‌ಎಸ್‌ಎ 1024 ಬಿಟ್ ಅಂತ ಬಂದರೆ ವಾಪಸ್ ಕಳಿಸಿ.

ಈಗ ಫೋನ್ ಮಾಡಿ. ಆ ಮೇಲ್‌ನಲ್ಲಿರುವ ನಂಬರಿಗೆ ಬೇಡ, ಕೆಲಸಕ್ಕೆ ಸೇರುವಾಗ ಕೊಟ್ಟ ನಂಬರಿಗೆ. ಅವನು ತನ್ನ ಲ್ಯಾಪ್‌ಟಾಪ್‌ನಲ್ಲಿ ಅದೇ ಕಮಾಂಡ್ ಓಡಿಸಿ ಓದಲಿ, ನೀವು ಸುಮ್ನೆ ಕೇಳಿಸಿಕೊಂಡು ತಾಳೆ ನೋಡಿ. ನೀವು ಓದಿ, ಅವನು ಆ ಕಡೆಯಿಂದ ಏನೂ ನೋಡದೆ "ಹೂಂ ಸರ್, ಹೂಂ ಸರ್" ಅಂದರೆ ಪ್ರಯೋಜನವಿಲ್ಲ. ದೊಡ್ಡಕ್ಷರ ಸಣ್ಣಕ್ಷರ ಅಂತೆಲ್ಲ 43 ಸಲ ಹೇಳಿಸಿಕೊಳ್ಳುವುದು ಬೇಜಾರೇ, ಆದರೂ ಮೊದಲ ನಾಲ್ಕು ನೋಡಿ ಬಿಡಬೇಡಿ. ಬೇಡವೇ ಬೇಡ ಅಂದರೆ ಹುಡುಗ ಆಫೀಸಿಗೆ ಬಂದಾಗ ಎದುರಿಗೇ ನೋಡಿ, ಮಂಡ್ಯ ಏನು ಮಹಾ ದೂರ, ಸುಮಾರು 45 ಕಿಲೋಮೀಟರ್.

ತಾಳೆಯಾದ ಮೇಲೆ ಕೀಯನ್ನು ಸರ್ವರ್‌ನ ಆಥರೈಸ್ಡ್ ಕೀಸ್ ಫೈಲ್‌ಗೆ, ಅಂದರೆ ಯಾರ ಯಾರ ಕೀಗೆ ಒಳಗೆ ಬಿಡಬೇಕು ಅನ್ನುವ ಪಟ್ಟಿಗೆ, ಪೇಸ್ಟ್ ಮಾಡುವಾಗ ಸಾಲು ಮಧ್ಯದಲ್ಲಿ ಮುರಿಯದಿರಲಿ. ಒಮ್ಮೆ ಹಾಗೇ ಮುರಿದು ನಾನು ಅರ್ಧ ದಿನ "ಪರ್ಮಿಷನ್ ಡಿನೈಡ್" ನೋಡುತ್ತಾ ಕೂತಿದ್ದೆ.

ಹಾಗೇ ಆಥರೈಸ್ಡ್ ಕೀಸ್ ಫೈಲ್ ಮೇಲೂ ಅದೇ ಕಮಾಂಡ್ ಓಡಿಸಿ, ಒಂದೊಂದು ಕೀಗೂ ಒಂದೊಂದು ಸಾಲು ಬರುತ್ತದೆ. ನಮ್ಮಲ್ಲಿ ಹೀಗೆ ನೋಡಿದಾಗ ಕೆಲಸ ಬಿಟ್ಟು ಎರಡು ವರ್ಷವಾದವರ ಕೀ ಇನ್ನೂ ಕೂತಿತ್ತು. ಜೊತೆಗೆ "ಟೆಸ್ಟ್" ಅಂತ ಕಾಮೆಂಟ್ ಇದ್ದ ಇನ್ನೊಂದು. ತೆಗೆದೇನೋ ಹಾಕಿದೆವು, ಯಾರದು ಅಂತ ಇವತ್ತಿಗೂ ಗೊತ್ತಾಗಿಲ್ಲ.