ಓದುಗರ ಪ್ರಶ್ನೆ: ಅಪ್ಪನ ಹಳೆ ಖಾತೆಯ ಹಣ ಮತ್ತು ಫೀಸ್ ಕೇಳುವವರು

ಪ್ರಶ್ನೆ: ತೀರಿಕೊಂಡ ಅಪ್ಪನ ಹೆಸರಿನಲ್ಲಿ 3.80 ಲಕ್ಷ ರೂ. ರಿಸರ್ವ್ ಬ್ಯಾಂಕಿನಲ್ಲಿ ಬಿದ್ದಿದೆ ಎಂದು ವಾಟ್ಸ್ಆ್ಯಪ್‌ಗೆ ಪತ್ರ ಬಂದಿದೆ. ಅಪ್ಪನ ಹೆಸರು, ಮನೆಯ ಹೆಸರು ಎರಡೂ ಸರಿ ಇವೆ. ಈ ತಿಂಗಳೊಳಗೆ 7,600 ರೂ. ಪ್ರೊಸೆಸಿಂಗ್ ಫೀಸ್ ಕಟ್ಟದಿದ್ದರೆ ಹಣ ಸರ್ಕಾರಕ್ಕೆ ಹೋಗುತ್ತದಂತೆ. ಅಪ್ಪನಿಗೆ ವಿಜಯಾ ಬ್ಯಾಂಕಿನಲ್ಲಿ ಖಾತೆ ಇದ್ದದ್ದು ನಿಜ.
– ಓದುಗರು, ಪೆರ್ಲ

ಉತ್ತರ: ಒಂದು ರೂಪಾಯಿಯೂ ಕಟ್ಟಬೇಡಿ. ಹೆಸರು, ವಿಳಾಸ ಸರಿ ಇದ್ದ ಮಾತ್ರಕ್ಕೆ ಪತ್ರ ಅಸಲಿ ಆಗುವುದಿಲ್ಲ. ವಾರಸುದಾರರು ಬಾರದ ಖಾತೆಗಳ ಪಟ್ಟಿಯನ್ನು ಬ್ಯಾಂಕುಗಳೇ ತಮ್ಮ ವೆಬ್‌ಸೈಟಿನಲ್ಲಿ ಹೆಸರು ಸಮೇತ ಹಾಕುತ್ತವೆ. ಅದನ್ನು ಯಾರು ಬೇಕಾದರೂ ಓದಬಹುದು, ವಂಚಕರೂ ಓದುತ್ತಾರೆ.

'ಸರ್ಕಾರಕ್ಕೆ ಹೋಗುತ್ತದೆ' ಎಂಬುದು ಹೆದರಿಸುವ ಮಾತು. 10 ವರ್ಷ ಯಾರೂ ಮುಟ್ಟದ ಠೇವಣಿಯನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ವರ್ಗಾಯಿಸುತ್ತವೆ, ಅಷ್ಟು ನಿಜ. ಆದರೆ ಆಮೇಲೂ ಹಕ್ಕು ನಿಮ್ಮದೇ, ಅದಕ್ಕೆ ಕೊನೆಯ ದಿನಾಂಕ ಎಂಬುದಿಲ್ಲ. ಹಣ ಕೊಡಬೇಕಾದದ್ದು ನಿಮ್ಮ ಬ್ಯಾಂಕು. ಅದು ನಿಮಗೆ ಕೊಟ್ಟು ನಂತರ ನಿಧಿಯಿಂದ ತುಂಬಿಸಿಕೊಳ್ಳುತ್ತದೆ. ರಿಸರ್ವ್ ಬ್ಯಾಂಕು ಜನರಿಗೆ ಫೋನು ಮಾಡಿ ಫೀಸ್ ಕೇಳುವ ಪದ್ಧತಿಯೇ ಇಲ್ಲ.

ಖಾತೆ ಹುಡುಕಲು ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ತೆರೆದ 'ಉದ್ಗಮ್' ಪೋರ್ಟಲ್ ಇದೆ, ಉಚಿತ. ಸ್ವಂತ ಮೊಬೈಲ್ ಸಂಖ್ಯೆಯಿಂದ ನೋಂದಾಯಿಸಿ, ಅಪ್ಪನ ಹೆಸರು, ಬ್ಯಾಂಕು, ಜೊತೆಗೆ ಪಾನ್, ವೋಟರ್ ಐಡಿ, ಹುಟ್ಟಿದ ದಿನಾಂಕ ಇವುಗಳಲ್ಲಿ ಒಂದನ್ನು ಕೊಡಿ. ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಬೇಡಿ; ರಿಸರ್ವ್ ಬ್ಯಾಂಕಿನ ವೆಬ್‌ಸೈಟಿಗೆ ನೀವೇ ಹೋಗಿ, ಅಲ್ಲಿಂದ ಒಳಗೆ ನಡೆಯಿರಿ.

ನಮ್ಮ ಕಾಸರಗೋಡಿನ ಕಡೆಯವರು ಎಡವುವುದು ಬ್ಯಾಂಕಿನ ಹೆಸರಿನಲ್ಲಿ. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಸಿಂಡಿಕೇಟ್ ಈಗ ಕೆನರಾ, ಕಾರ್ಪೊರೇಷನ್ ಈಗ ಯೂನಿಯನ್ ಬ್ಯಾಂಕು, ಎರಡೂ 2020ರಲ್ಲಿ. ನಾರ್ತ್ ಮಲಬಾರ್ ಗ್ರಾಮೀಣ ಬ್ಯಾಂಕಿನ ಪಾಸ್‌ಬುಕ್ ಇದ್ದವರು ಕೇರಳ ಗ್ರಾಮೀಣ ಬ್ಯಾಂಕಿಗೆ ಹೋಗಬೇಕು. ಊರಿನ ಸರ್ವೀಸ್ ಸಹಕಾರಿ ಬ್ಯಾಂಕಿನ ಠೇವಣಿಯಂತೂ ಉದ್ಗಮ್‌ನಲ್ಲಿ ಸಿಗುವುದೇ ಇಲ್ಲ, ಏಕೆಂದರೆ ಅದು ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುವ ಬ್ಯಾಂಕಲ್ಲ, ಸಹಕಾರ ಸಂಘ. ರಶೀದಿ ಹಿಡಿದು ಅಲ್ಲಿಗೇ ಹೋಗಿ ಕೇಳಬೇಕು.

ಖಾತೆ ಸಿಕ್ಕಿದರೆ ಬ್ಯಾಂಕಿಗೆ ಹಳೆ ಪಾಸ್‌ಬುಕ್, ಮರಣ ಪ್ರಮಾಣಪತ್ರ, ನಿಮ್ಮ ಗುರುತಿನ ಚೀಟಿ ಒಯ್ಯಿರಿ. ನಾಮಿನಿ ಇದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ವಾರಸುದಾರರೆಲ್ಲರ ಸಹಿ ಬೇಕು, ಮೊತ್ತ ದೊಡ್ಡದಿದ್ದರೆ ವಾರಸು ಪ್ರಮಾಣಪತ್ರವನ್ನೂ ಕೇಳಬಹುದು. ಕೊಟ್ಟ ಅರ್ಜಿಗೆ ತಾರೀಕು ಹಾಕಿದ ಸ್ವೀಕೃತಿ ಪಡೆಯಲು ಮರೆಯಬೇಡಿ. ಮುಂದೆ ವಿಚಾರಿಸಲು ಕೈಯಲ್ಲಿರುವ ಆಧಾರ ಅದೊಂದೇ.

ಪ್ರಶ್ನೆ: ಬದಿಯಡ್ಕದ ಬಳಿ ಅಜ್ಜನ ಹೆಸರಿನ ಅಡಿಕೆ ತೋಟ ಇದೆ, ನಾವೆಲ್ಲ ಮುಂಬೈಯಲ್ಲಿ. 'ವಾರಸುದಾರರಿಲ್ಲದ ಜಾಗ ಎಂದು ಹೋಗಿಬಿಡುತ್ತದೆ, ಪವರ್ ಆಫ್ ಅಟಾರ್ನಿ ಕೊಡಿ, ನಾನು ಸರಿ ಮಾಡಿಸುತ್ತೇನೆ' ಎಂದು ಒಬ್ಬರು ಕರೆ ಮಾಡುತ್ತಿದ್ದಾರೆ.
– ಓದುಗರು, ಡೊಂಬಿವಲಿ

ಉತ್ತರ: ಅವರಿಗೆ ಸಹಿ ಕೊಡಬೇಡಿ. ಮಾರುವ ಅಧಿಕಾರವೂ ಸೇರಿದ ಪವರ್ ಆಫ್ ಅಟಾರ್ನಿ ಕೊಟ್ಟರೆ ತೋಟ ನಿಮಗೆ ತಿಳಿಯದಂತೆ ಮೂರನೆಯವರ ಪಾಲಾಗಬಹುದು. ಕಾಗದ ಮಲಯಾಳದಲ್ಲಿದ್ದು ನಿಮಗೆ ಓದಲು ಬಾರದಿದ್ದರೆ ಅಪಾಯ ಇನ್ನೂ ಹೆಚ್ಚು.

ಮೊದಲು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ. ಅಜ್ಜ ತೀರಿಕೊಂಡ ವರ್ಷದಿಂದ ಇಂದಿನವರೆಗೆ ಕೇಳಿ. ನಡುವೆ ಯಾವ ಕ್ರಯ, ಅಡಮಾನ ನೋಂದಣಿಯಾಗಿದೆ ಎಂದು ಅದರಲ್ಲಿ ಕಾಣುತ್ತದೆ. ಆಮೇಲೆ ವಿಲ್ಲೇಜ್ ಆಫೀಸಿನಲ್ಲಿ ವಾರಸುದಾರರ ಹೆಸರಿಗೆ ಪೋಕ್ಕುವರವು (ಕಂದಾಯ ದಾಖಲೆಯಲ್ಲಿ ಹೆಸರು ಬದಲಾವಣೆ) ಮಾಡಿಸಿ. ಹೆಸರು ಅಜ್ಜನದ್ದೇ ಉಳಿದು, ತೀರ್ವೆ (ಭೂ ತೆರಿಗೆ) ವರ್ಷಗಟ್ಟಲೆ ಬಾಕಿ ಇರುವ ಜಾಗವನ್ನೇ ಇಂಥವರು ಹುಡುಕುವುದು. ತೀರ್ವೆಯನ್ನು ಕೇರಳ ಕಂದಾಯ ಇಲಾಖೆಯ ವೆಬ್‌ಸೈಟಿನಲ್ಲಿ ಮುಂಬೈಯಿಂದಲೇ ಕಟ್ಟಬಹುದು, ಪ್ರತಿ ವರ್ಷದ ರಶೀದಿ ಇಟ್ಟುಕೊಳ್ಳಿ. ಊರಲ್ಲಿ ಒಬ್ಬರ ಸಹಾಯ ಬೇಕೇ ಬೇಕೆಂದಾದರೆ, ಗುರುತಿನವರಿಗೆ, ಇಂಥದೇ ಕೆಲಸಕ್ಕೆ, ಇಷ್ಟೇ ಅವಧಿಗೆ, 'ಮಾರುವ, ಅಡವಿಡುವ ಅಧಿಕಾರ ಇಲ್ಲ' ಎಂದು ಬರೆದ ಪವರ್ ಕೊಡಿ. ಜಾಗದ ಅಸಲಿ ಆಧಾರಪತ್ರ ಯಾರ ಕೈಗೂ ಹೋಗಬಾರದು.

ಪ್ರಶ್ನೆ: ಇಂಥದೇ ಕರೆ ನಂಬಿ ಒಟಿಪಿ ಹೇಳಿಬಿಟ್ಟೆ, 18,000 ಹೋಯಿತು. ಇನ್ನು ದೂರು ಕೊಟ್ಟು ಪ್ರಯೋಜನ ಉಂಟೇ?
– ಓದುಗರು, ಉಪ್ಪಳ

ಉತ್ತರ: ಖಂಡಿತ ಉಂಟು. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಯುಟಿಆರ್ ಸಂಖ್ಯೆ (ಹಣ ವರ್ಗಾವಣೆಯ ಗುರುತು ಸಂಖ್ಯೆ), ಮೊತ್ತ, ಸಮಯ ಹೇಳಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆದರೆ ಮಾತ್ರ ಹಿಂದೆ ಸಿಗುವ ಸಾಧ್ಯತೆ ಹೆಚ್ಚು. ಬ್ಯಾಂಕಿಗೂ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ: ಒಟಿಪಿ ನೀವೇ ಹೇಳಿದ್ದರೆ ದೂರಿಗೆ ಮುಂಚಿನ ನಷ್ಟ ನಿಮ್ಮದು, ದೂರು ಕೊಟ್ಟ ನಂತರ ಹೋದದ್ದಕ್ಕೆ ಬ್ಯಾಂಕು ಹೊಣೆ. ವಂಚಕರು ಕಳಿಸಿದ ಎಪಿಕೆ ಫೈಲನ್ನು (ಆ್ಯಪ್ ಹಾಕುವ ಫೈಲು) ಫೋನಿಗೆ ಹಾಕಿದ್ದರೆ ಇಂಟರ್‌ನೆಟ್ ಬಂದ್ ಮಾಡಿ, ಪಾಸ್‌ವರ್ಡ್, ಯುಪಿಐ ಪಿನ್ ಬೇರೊಂದು ಫೋನಿನಿಂದ ಬದಲಿಸಿ.

'ಹೋದ ಹಣ ವಾಪಸ್ ತರಿಸಿಕೊಡುತ್ತೇವೆ' ಎಂದು ನಾಳೆ ಇನ್ನೊಬ್ಬರು ಕರೆ ಮಾಡಬಹುದು. ಅವರಿಗೂ ಏನೂ ಕಟ್ಟಬೇಡಿ.