ಅಯೋವಾದಲ್ಲಿ ಜಮೀನು ಕೊಂಡರೆ ಸರ್ಕಾರದ ದುಡ್ಡು ನಮಗೆ ಬರುತ್ತಾ?

ಅಮೆರಿಕದ ಅಯೋವಾ ರಾಜ್ಯದಲ್ಲಿ 100 ಎಕರೆ ಕೊಂಡು ಗುತ್ತಿಗೆಗೆ ಕೊಟ್ಟರೆ ಸಬ್ಸಿಡಿ ಯಾರಿಗೆ, ಅದು ಪಿಎಂ ಕಿಸಾನ್ ತರಾನೇನಾ ಅಂತ ಕೇಳಿದ್ದೀರಿ. ನಾನು ಇಲ್ಲಿನ ಒಂದು ಸಣ್ಣ ಕೌಂಟಿಯಲ್ಲಿ (ನಮ್ಮ ಜಿಲ್ಲೆ ತರ) ರೈತರ ತೆರಿಗೆ ಲೆಕ್ಕ ನೋಡುವ ಆಫೀಸಿನಲ್ಲಿದ್ದೇನೆ, ಈ ಕಾಗದಗಳೇ ನನ್ನ ಕೆಲಸ. ನಗದು ಗುತ್ತಿಗೆಗೆ ಕೊಟ್ಟರೆ ನಿಮಗೆ ಬರಲ್ಲ, ಉಳುವವನಿಗೆ ಹೋಗುತ್ತದೆ. ಬೆಳೆಯಲ್ಲಿ ಪಾಲು ತಗೊಳ್ಳುವ ಕರಾರಾದರೆ ಪಾಲಿನಷ್ಟು ನಿಮಗೂ ಉಂಟು.

ಪಿಎಂ ಕಿಸಾನ್‌ಗೂ ಇದಕ್ಕೂ ಹೋಲಿಕೆಯೇ ಇಲ್ಲ. ಅಲ್ಲಿ ಎರಡೆಕರೆ ಇರಲಿ ಹತ್ತೆಕರೆ ಇರಲಿ, ವರ್ಷಕ್ಕೆ 6,000 ರೂಪಾಯಿ, ಮೂರು ಕಂತು, ಮುಗೀತು. ಇಲ್ಲಿ ಎಕರೆ ಜಾಸ್ತಿ ಆದಷ್ಟೂ ದುಡ್ಡು ಜಾಸ್ತಿ. ಅದೂ ಈಗ ಹೊಲದಲ್ಲಿ ನಿಂತಿರುವ ಬೆಳೆಗಲ್ಲ, ಆ ಜಮೀನಿನಲ್ಲಿ ಹಿಂದೆ ಯಾವ ಬೆಳೆ ಎಷ್ಟು ಹಾಕುತ್ತಿದ್ದರು ಅನ್ನೋ ಹಳೇ ದಾಖಲೆಗೆ. ಬೇಸ್ ಎಕರೆ ಅಂತಾರೆ. ಮೆಕ್ಕೆಜೋಳದ ಬೇಸ್ ಇದ್ದು ಈ ವರ್ಷ ಪೂರ್ತಿ ಸೋಯಾ ಹಾಕಿದರೂ ಮೆಕ್ಕೆಜೋಳದ ಲೆಕ್ಕದಲ್ಲೇ ಕೊಡುತ್ತಾರೆ.

ಪಿಎಲ್‌ಸಿ ಅನ್ನೋ ಯೋಜನೆಯಲ್ಲಿ, ಬೆಲೆ ಕಾನೂನಿನಲ್ಲಿ ಬರೆದಿದ್ದಕ್ಕಿಂತ ಇಳಿದರೆ ಆ ಕೊರತೆಯ ಲೆಕ್ಕದಲ್ಲಿ ಕೊಡುತ್ತಾರೆ. 2016ರ ಬೆಳೆಯನ್ನೇ ನೋಡಿ. ಮೆಕ್ಕೆಜೋಳಕ್ಕೆ ಆಗ ಕಾನೂನಿನಲ್ಲಿದ್ದ ಬೆಲೆ ಬುಶೆಲ್‌ಗೆ (ಇಲ್ಲಿ ಧಾನ್ಯ ಅಳೆಯುವ ಮಾನ) 3.70 ಡಾಲರ್. ಆ ಹಂಗಾಮಿನ ಸರಾಸರಿ ಬೆಲೆ 3.36ಕ್ಕೆ ನಿಂತಿತು. ಕೊರತೆ 34 ಸೆಂಟ್. 100 ಬೇಸ್ ಎಕರೆ ಇದ್ದರೂ ಲೆಕ್ಕಕ್ಕೆ ಹಿಡಿಯೋದು 85. ದಾಖಲೆಯಲ್ಲಿ ಎಕರೆಗೆ 150 ಬುಶೆಲ್ ಇಳುವರಿ ಇದ್ದರೆ ಕಡಿತಕ್ಕೆ ಮುಂಚೆ 4,335 ಡಾಲರ್ ಆಯಿತು, ಅದೂ ಸಿಗೋದು 2017ರ ಅಕ್ಟೋಬರ್‌ನಲ್ಲಿ. 2025ರಲ್ಲಿ ಆ 3.70ನ್ನು 4.10ಕ್ಕೆ ಏರಿಸಿದ್ದಾರೆ.

ಇನ್ನೊಂದು ಯೋಜನೆ ಎಆರ್‌ಸಿ, ಅದರ ಕೌಂಟಿ ಮಟ್ಟದ್ದು. ಆದಾಯ ಕುಸಿದರೆ ಕೊಡುವ ದುಡ್ಡು. ಅದು ಇನ್ನೂ ವಿಚಿತ್ರ. ಅದರಲ್ಲಿ ನೋಡೋದು ಇಡೀ ಕೌಂಟಿಯ ಸರಾಸರಿ ಆದಾಯವನ್ನ, ನಿಮ್ಮ ಹೊಲವನ್ನಲ್ಲ. ಆಲಿಕಲ್ಲು ಬಿದ್ದು ನಿಮ್ಮದೊಂದೇ ಹೊಲ ಮಲಗಿದರೆ ಇದರಲ್ಲಿ ಏನೂ ಇಲ್ಲ, ಅದಕ್ಕೆ ಬೆಳೆ ವಿಮೆ ಬೇರೆ ಇದೆ, ಅದರ ಪ್ರೀಮಿಯಂಗೂ ಸರ್ಕಾರವೇ ದೊಡ್ಡ ಪಾಲು ಹಾಕುತ್ತದೆ. ಕೌಂಟಿ ಗಡಿ ಅಂದರೆ ಎಷ್ಟೋ ಕಡೆ ಒಂದು ಜಲ್ಲಿ ರಸ್ತೆ ಅಷ್ಟೆ. ಈಚೆ ಹೊಲದವನಿಗೆ ಚೆಕ್ಕು, ಆಚೆಯವನಿಗೆ ಸೊನ್ನೆ ಆಗೋದುಂಟು.

ಒಬ್ಬರಿಗೆ ವರ್ಷಕ್ಕೆ 1,25,000 ಡಾಲರ್ ಮಿತಿ ಇತ್ತು, 2025ರ ಬೆಳೆಯಿಂದ 1,55,000. ಮಿತಿ ಅಂತ ಹೆಸರಿಗೆ! 2018ರ ಕಾನೂನು ಅಣ್ಣತಮ್ಮಂದಿರ ಮಕ್ಕಳನ್ನ, ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳನ್ನ ಸಹ ಕುಟುಂಬದ ಲೆಕ್ಕಕ್ಕೆ ಸೇರಿಸಿತು, ಜಮೀನಿನ ಕೆಲಸದಲ್ಲಿ ಪಾಲಿದ್ದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಮಿತಿ, ದೊಡ್ಡ ಮನೆತನಗಳಿಗೆ ಅಷ್ಟು ಸಾಕಲ್ವಾ?

ಹಾಗಂತ ಮಾಲೀಕರಿಗೆ ಏನೂ ಇಲ್ಲ ಅಂತಲ್ಲ. ಗುತ್ತಿಗೆ ದರ ಮಾತಾಡುವಾಗ ಈ ದುಡ್ಡು ಎರಡೂ ಕಡೆಯವರ ತಲೆಯಲ್ಲಿರುತ್ತದೆ, ಅದರಲ್ಲಿ ಸ್ವಲ್ಪ ನಿಮ್ಮ ಕಡೆ ಹರಿದೇ ಹರಿಯುತ್ತದೆ. ಆದ್ದರಿಂದ ಕೊಳ್ಳುವ ಮುಂಚೆ ಮಾರುವವರಿಂದ 156ಇಝಡ್ ಅನ್ನೋ ಕಾಗದ ಕೇಳಿ. ನಮ್ಮ ಪಹಣಿ ತರ ಅಂದುಕೊಳ್ಳಿ, ಬೇಸ್ ಎಕರೆ ಎಷ್ಟು, ಇಳುವರಿ ಎಷ್ಟು ಎಲ್ಲಾ ಅದರಲ್ಲಿರುತ್ತದೆ. ಸಿಆರ್‌ಪಿ ಕರಾರು ಇದೆಯಾ ಅಂತಲೂ ನೋಡಿ. ಅಂದರೆ ಹೊಲವನ್ನ 10–15 ವರ್ಷ ಹುಲ್ಲಿಗೆ ಬಿಟ್ಟು ಸರ್ಕಾರದಿಂದ ಬಾಡಿಗೆ ತಗೊಳ್ಳೋದು. ಅದು ಗುತ್ತಿಗೆದಾರನೇ ಇಲ್ಲದೆ ಮಾಲೀಕರಿಗೇ ಬರುವ ದುಡ್ಡು. ಆದರೆ ಕೊಂಡಮೇಲೆ ನೀವು ಆ ಕರಾರು ಮುಂದುವರಿಸದಿದ್ದರೆ ಇಲ್ಲಿವರೆಗೆ ಕೊಟ್ಟಿದ್ದನ್ನ ಬಡ್ಡಿ ಸಮೇತ ವಾಪಸ್ ಕೇಳುತ್ತಾರೆ, ಅದನ್ನ ಯಾರು ಕಟ್ಟಬೇಕು ಅಂತ ಕ್ರಯಪತ್ರಕ್ಕೆ ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ.