ಬಲಕ್ಕೆ ತಿರುಗಿಸಿದಾಗ ಮಾತ್ರ ಕಾರು ಮಾತು ಕೇಳೋಲ್ಲ!

ಪ್ರಶ್ನೆ: ನನ್ನದು ಹಳೆಯ ಸ್ವಿಫ್ಟ್. ವಾರವೆಲ್ಲ ಆಫೀಸಿಗೆ, ಭಾನುವಾರ ಮೈದಾನದ ತಿರುವುಗಳಲ್ಲಿ ಓಡಿಸುವ ಕಾರ್ ರೇಸ್, ಆಟೋಕ್ರಾಸ್‌ಗೆ. ಎಡಕ್ಕೆ ಚೆನ್ನಾಗಿ ತಿರುಗುತ್ತದೆ. ಬಲಕ್ಕೆ ಮಾತ್ರ ಸ್ಟೀರಿಂಗ್ ಎಷ್ಟೇ ತಿರುಗಿಸಿದರೂ ಮೂತಿ ನೇರಕ್ಕೆ ಜಾರುತ್ತದೆ. ಹಿಂದೆ ಗಟ್ಟಿ ಸ್ಪ್ರಿಂಗ್ ಹಾಕಿಸು ಅಂತ ಗೆಳೆಯರು ಹೇಳುತ್ತಿದ್ದಾರೆ. ಹಾಕಿಸಲಾ?
– ಓದುಗರೊಬ್ಬರು, ಬನಶಂಕರಿ

ಉತ್ತರ: ಸದ್ಯಕ್ಕೆ ಬೇಡ, ದುಡ್ಡು ಜೇಬಲ್ಲೇ ಇರಲಿ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಅಂಡರ್‌ಸ್ಟಿಯರ್ (ಹೀಗೆ ಮೂತಿ ನೇರಕ್ಕೆ ಜಾರುವುದು) ಸಹಜ. ಹಿಂದೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಕಡಿಮೆಯೂ ಆಗುತ್ತದೆ, ಗೆಳೆಯರು ಸುಳ್ಳು ಹೇಳಿಲ್ಲ. ಆದರೆ ಹಾಗಿದ್ದರೆ ಎರಡೂ ಕಡೆ ಜಾರಬೇಕಿತ್ತು ಅಲ್ವಾ? ಒಂದೇ ಕಡೆ ಅಂದರೆ ಏನೋ ಸವೆದಿದೆ, ಇಲ್ಲ ಬಗ್ಗಿದೆ.

ಮೊದಲು ಟ್ರ್ಯಾಕಿನ ತಪ್ಪೋ ಕಾರಿನದೋ ನೋಡಿ. ಖಾಲಿ ಮೈದಾನದಲ್ಲಿ ಒಂದು ಕೋನ್ ಇಟ್ಟು, ಅದರ ಸುತ್ತ ಒಂದೇ ವೇಗದಲ್ಲಿ ಎರಡೂ ದಿಕ್ಕಿಗೆ ಸುತ್ತಿ. ಅಲ್ಲೂ ಬಲಕ್ಕೆ ಮಾತ್ರ ಜಾರಿದರೆ ತಪ್ಪು ಕಾರಿನದೇ. ನೈಸ್ ರಸ್ತೆಯಲ್ಲಿ ಈ ಪ್ರಯೋಗ ಬೇಡ, ದಯವಿಟ್ಟು.

ಬಲಕ್ಕೆ ತಿರುಗುವಾಗ ಜಾಸ್ತಿ ಭಾರ ಬೀಳುವುದು ಎಡ ಮುಂದಿನ ಚಕ್ರದ ಮೇಲೆ. ನಮ್ಮೂರಲ್ಲಿ ರಸ್ತೆ ಅಂಚಿನ ಗುಂಡಿ, ಮೋರಿ ಕಲ್ಲು ಎಲ್ಲ ಹೊಡೆಸಿಕೊಳ್ಳುವುದೂ ಅದೇ! ಎರಡೂ ಮುಂದಿನ ಟೈರಿಗೆ ಸಮ ಗಾಳಿ ತುಂಬಿಸಿ. ಟೈರಿನ ನೆಲ ತಾಗುವ ಭಾಗದ ಅಂಚಿನಿಂದ ಟೈರಿನದೇ ಹೊರ ಪಕ್ಕದವರೆಗೆ (ಸೈಡ್‌ವಾಲ್) ಸೀಮೆಸುಣ್ಣದ ಗೆರೆ ಎಳೆದು, ಎರಡೂ ದಿಕ್ಕಿಗೆ ಅಷ್ಟಷ್ಟೇ ಸುತ್ತು ಹೊಡೆಯಿರಿ. ಎಡಗಡೆಯ ಗೆರೆ ಸೈಡ್‌ವಾಲ್ ಮೇಲೆ ಜಾಸ್ತಿ ದೂರ ಅಳಿಸಿದ್ದರೆ ಆ ಟೈರು ಅತಿಯಾಗಿ ಪಕ್ಕಕ್ಕೆ ಮಗುಚುತ್ತಿದೆ. ಆಮೇಲೆ ಮುಂದಿನ ಚಕ್ರಗಳನ್ನು ಅದಲುಬದಲು ಮಾಡಿ (ಟೈರಿನ ಮೇಲೆ ದಿಕ್ಕಿನ ಬಾಣ ಇದ್ದರೆ ಬೇಡ). ತೊಂದರೆ ಎಡ ತಿರುವಿಗೆ ಹೋಯಿತಾ? ಟೈರಿನದೇ ತಪ್ಪು. ಅಲ್ಲೇ ಉಳಿಯಿತಾ? ಜಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋವರ್ ಆರ್ಮ್‌ನ ರಬ್ಬರ್ ಕೀಲಿಗೆ, ಅಂದರೆ ಬುಶ್‌ಗೆ ಲಿವರ್ ಹಾಕಿ ಮೀಟಿ. ರಬ್ಬರ್ ಬಾಯಿ ಬಿಡುತ್ತದಾ ನೋಡಿ. ನಾನೂ ಒಮ್ಮೆ ಸ್ಪ್ರಿಂಗ್, ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಎಲ್ಲ ಬದಲಾಯಿಸಿದ ಮೇಲೆ ಸಿಕ್ಕಿದ್ದು ಇಂಥದ್ದೇ ಹರಿದ ಬುಶ್.

ಅಲೈನ್‌ಮೆಂಟ್ ಅಂಗಡಿಯಲ್ಲಿ 'ಎಲ್ಲ ಗ್ರೀನ್ ಇದೆ ಸಾರ್' ಅಂದರೆ ಸುಮ್ನೆ ತಲೆಯಾಡಿಸಿ ಬರಬೇಡಿ. ಪ್ರಿಂಟ್ ಕೇಳಿ, ಎಡ-ಬಲದ ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಹೋಲಿಸಿ. ಸ್ವಿಫ್ಟ್‌ನಲ್ಲಿ ಟೋ (ಮೇಲಿಂದ ನೋಡಿದಾಗ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸರಿಮಾಡಬಹುದು, ಮುಂದಿನ ಕ್ಯಾಂಬರ್‌ಗೆ ಕಂಪನಿ ಹೊಂದಾಣಿಕೆ ಕೊಟ್ಟಿಲ್ಲ. ಹಾಗಾಗಿ 1 ಡಿಗ್ರಿ ವ್ಯತ್ಯಾಸ ಕಂಡರೆ ಸ್ಟ್ರಟ್ಟೋ (ಸ್ಪ್ರಿಂಗ್-ಡ್ಯಾಂಪರ್ ಕೂಡಿದ ಕಂಬ) ನಕಲ್ಲೋ (ಚಕ್ರ ಕೂರುವ ಉಕ್ಕಿನ ಭಾಗ) ಬಗ್ಗಿರುವ ಅನುಮಾನ.

ಬುಶ್ಶೇ ಹೋಗಿದ್ದರೆ ಜೆ.ಸಿ. ರಸ್ತೆಯಲ್ಲಿ ಎರಡೂ ಕಡೆಯದನ್ನು ಒಟ್ಟಿಗೆ ತನ್ನಿ. ಕಾರು ಲಿಫ್ಟ್ ಮೇಲೆ ನೇತಾಡುತ್ತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿಯಲು ಬಿಡಬೇಡಿ. ಚಕ್ರದ ಮೇಲೆ ಭಾರ ಬಿದ್ದ ಮೇಲೆ ಬಿಗಿಸಿ. ಇಲ್ಲದಿದ್ದರೆ ಹೊಸ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.